ಸಲೂನಿನೊಳಗಿನ ಸಮುದ್ರ

ಅವಳು ಅವನನ್ನು ಮೊದಲು ನೋಡಿದ್ದು ತಮ್ಮನ ಅಳುವಿನ ದೆಸೆಯಿಂದ. ಕತ್ತರಿಯ ಸದ್ದು ಕೇಳಿದರೆ ಸಾಕು, ಬೀದಿಗೆಲ್ಲ ಕೇಳುವಂತೆ ಕಿರುಚುತ್ತಿದ್ದ ಆ ಹುಡುಗನನ್ನು ದರದರ ಎಳೆದುಕೊಂಡು ಅವಳು ಬಸ್ ನಿಲ್ದಾಣದ ಎದುರಿನ ಸಲೂನಿಗೆ ಬಂದಿದ್ದಳು. ಅಲ್ಲಿದ್ದ ಎತ್ತರದ ಯುವ ಕ್ಷೌರಿಕ ಗದರಲಿಲ್ಲ, ಮಿಠಾಯಿಯ ಆಸೆ ತೋರಿಸಲಿಲ್ಲ. ಕುರ್ಚಿಯನ್ನು ಮೂಲೆಯಲ್ಲಿದ್ದ ಮೀನಿನ ತೊಟ್ಟಿಯ ಕಡೆಗೆ ತಿರುಗಿಸಿದ, ಅಷ್ಟೆ. ಹುಡುಗ ಬಾಯಿ ಬಿಟ್ಟುಕೊಂಡು ಕುಳಿತ. ಕೂದಲು ಯಾವಾಗ ಉದುರಿತೋ ಅವನಿಗೆ ತಿಳಿಯಲಿಲ್ಲ. ಅಕ್ಕನಿಗೂ ತಿಳಿಯಲಿಲ್ಲ; ಅವಳು ನೋಡುತ್ತಿದ್ದುದು ಮೀನನ್ನಲ್ಲ.

ಮದುವೆಯಾದ ಮೇಲೆ ಸಲೂನಿನ ಹಿಂದಿನ ಕೋಣೆಯಲ್ಲಿ ಅವಳು ಹೆಂಗಸರ ಕೇಶಾಲಂಕಾರ ಶುರುಮಾಡಿದಳು. ಮೀನಿನ ತೊಟ್ಟಿಯೂ ಬಡ್ತಿ ಪಡೆದು ಉಪ್ಪುನೀರಿನ ತೊಟ್ಟಿಯಾಯಿತು: ಸಮುದ್ರದ ಕಲ್ಲು, ಜೀವಂತ ಹವಳ, ಕಿತ್ತಳೆ ಬಣ್ಣದ ಒಂದು ಜೋಡಿ ಮೀನು. ಗಿರಾಕಿಗಳು ಅವನನ್ನು ‘ಸಮುದ್ರರಾಜ’ ಎಂದು ಕರೆಯತೊಡಗಿದರು. ಅವನಿಗೆ ಅಚ್ಚುಮೆಚ್ಚಾದದ್ದು ಅಣಬೆಯ ಆಕಾರದ ಮೆತ್ತನೆಯ ಹವಳ. ಅರಳಿದಾಗ ಅದರ ತಲೆಯ ತುಂಬ ಕೂದಲಿನಂಥ ಎಳೆಗಳು. ಅತಿಯಾಗಿ ಬೆಳೆದಾಗ ಅಂಚನ್ನು ಕತ್ತರಿಸಿ, ಆ ತುಂಡನ್ನು ಚಿಕ್ಕ ಕಲ್ಲಿಗೆ ಕಟ್ಟಿ, ಕೇಳಿದವರಿಗೆ ಕೊಡುತ್ತಿದ್ದ. ಹವಳ ಸಾಕುವವರಲ್ಲಿ ಅದು ರೂಢಿ. ಮೊದಲ ತುಂಡು ಹೋದದ್ದು ಆ ಅಳುಬುರುಕ ಭಾವಮೈದನಿಗೆ. ಅವನೀಗ ಫ್ರಿಜ್ ರಿಪೇರಿ ಮಾಡುವ, ಮನೆಯಲ್ಲಿ ತನ್ನದೇ ತೊಟ್ಟಿಯಿಟ್ಟ ದೊಡ್ಡ ಮನುಷ್ಯ.

ಕಳೆದ ವರ್ಷ ಸಲೂನಿನ ಸಮುದ್ರ ಸತ್ತಿತು. ನೀರಿನ ಕೊಳೆಯನ್ನು ನೊರೆಯಾಗಿ ಎತ್ತುವ ಯಂತ್ರವೊಂದು ಅದಕ್ಕಿತ್ತು. ಒಂದು ಕೊಳವೆಯಿಂದ ಗಾಳಿ ಎಳೆದುಕೊಂಡು ಅದು ಕೆಲಸ ಮಾಡುತ್ತದೆ. ಆ ಸುರ್ ಸುರ್ ಸದ್ದು ಗಿರಾಕಿಗಳಿಗೆ ಕಿರಿಕಿರಿಯೆಂದು ಅವನೇ ಕೊಳವೆಯನ್ನು ಉದ್ದಮಾಡಿ ಹಿಂದಿನ ಕೋಣೆಗೆ ಬಿಟ್ಟಿದ್ದ. ಅದೇ ಕೋಣೆಯಲ್ಲಿ ಅವಳು ಒಂದು ದಿನವಿಡೀ ನಾಟಕ ತಂಡದ ಹೆಂಗಸರ ಮುಡಿಗಳಿಗೆ ಹೇರ್ ಸ್ಪ್ರೇ ಹೊಡೆದಳು. ಕೋಣೆಯ ಗಾಳಿಯನ್ನೆಲ್ಲ ತೊಟ್ಟಿ ಕುಡಿಯಿತು. ಸಂಜೆಗೆ ನೀರು ಹಾಲಿನಂತಾಯಿತು, ಹವಳಗಳು ಕರಗಿ ಜೋತುಬಿದ್ದವು. ಬಕೆಟ್ಟಿನಲ್ಲಿ ಹಾಕಿಕೊಂಡು ತಮ್ಮನ ಮನೆಗೆ ಓಡಿದ್ದರಿಂದ ಒಂದೇ ಒಂದು ಕಿತ್ತಳೆ ಮೀನು ಉಳಿಯಿತು.

ತಪ್ಪು ಯಾರದೆಂಬ ವಾದ ಹೆಚ್ಚು ನಡೆಯಲಿಲ್ಲ. ಸ್ಪ್ರೇ ಅವಳದು, ಕೊಳವೆ ಅವನದು. ಆದರೆ ಅವನು ಬಾಡಿಹೋದ. ಖಾಲಿ ತೊಟ್ಟಿಯ ಮೇಲೆ ಟವೆಲ್ಲುಗಳ ರಾಶಿ ಬೆಳೆಯಿತು. ಮಾತಿನ ಮಲ್ಲನಾಗಿದ್ದವನು ಗಿರಾಕಿಗಳೊಡನೆ ಹರಟುವುದನ್ನೂ ಬಿಟ್ಟ. ಒಂದು ರಜೆಯ ದಿನ ಅವಳು ಟವೆಲ್ಲುಗಳನ್ನು ಎತ್ತಿಹಾಕಿ ತಾನೇ ಗಾಜು ಉಜ್ಜತೊಡಗಿದಳು.

“ಸುಮ್ನೆ ಯಾಕೆ ಕೈ ನೋಯಿಸ್ಕೋತೀಯ?” ಎಂದ ಅವನು.

“ನಿಮ್ಮ ಮುಖ ನೋಡೋಕಾಗ್ತಿಲ್ಲ. ಗಿರಾಕಿಗಳೂ ಹೆದರ್ತಿದಾರೆ. ಬಂದು ಪಂಪ್ ಬಿಚ್ಚಿ.”

ಅವನು ಬಂದು ಪಂಪಿಗೆ ಕೈ ಹಾಕಿದ. “ಇದೊಂದ್ಸಲ. ನಿನ್ನ ತಮ್ಮನ ಹತ್ರ ಇರೋ ಅಣಬೆ ಹವಳ ಇಲ್ಲಿ ಅರಳಿದ್ರೆ ಸರಿ. ಅರಳಲಿಲ್ವೋ, ಈ ತೊಟ್ಟಿ ತೆಗೆದು ಇಲ್ಲಿ ಇನ್ನೊಂದು ಕುರ್ಚಿ ಹಾಕ್ತೀನಿ. ಆಮೇಲೆ ಈ ಮಾತೇ ಎತ್ಬೇಡ.”

ಕೊಳವೆ ಬೀದಿ ಕಡೆಯ ಕಿಟಕಿಯಾಚೆಗೆ ಹೋಯಿತು. ಹೊಸ ಉಪ್ಪುನೀರು ಕಲೆಸಿದರು. ತಮ್ಮನ ತೊಟ್ಟಿಯಿಂದ ಕೊಳೆ ತಿನ್ನುವ ಸೂಕ್ಷ್ಮಜೀವಿಗಳಿದ್ದ ಒಂದು ಕಲ್ಲು ತಂದು ಇಳಿಬಿಟ್ಟರು. ಇನ್ನು ವಿಷ ಕಳೆದು ನೀರು ಪಳಗಬೇಕು. ನಳಿಗೆಯಲ್ಲಿ ನೀರು ಹಿಡಿದು ಔಷಧಿ ಹನಿಸಿದರೆ, ವಿಷವಿದ್ದಾಗ ಹಸಿರು, ಇಲ್ಲದಾಗ ಹಳದಿ. ಪರೀಕ್ಷೆಯ ಫಲಿತಾಂಶಕ್ಕೆ ಕಾಯುವ ಮಕ್ಕಳಂತೆ ಇಬ್ಬರೂ ಬೆಳಗಾದರೆ ನಳಿಗೆ ಹಿಡಿದು ಬೆಳಕಿಗೆ ಬರುತ್ತಿದ್ದರು. ಹಸಿರು, ಮತ್ತೆ ಹಸಿರು. ಕೊನೆಗೊಂದು ದಿನ ಅಪ್ಪಟ ಹಳದಿ ಕಂಡಾಗ ಅವಳು ತಲೆಗೆ ಬಣ್ಣ ಹಚ್ಚಿಸಿಕೊಳ್ಳುತ್ತಿದ್ದ ಹೆಂಗಸನ್ನು ಹಾಗೇ ಬಿಟ್ಟು ತಮ್ಮನಿಗೆ ಫೋನ್ ಮಾಡಿದಳು.

ತಮ್ಮನ ತೊಟ್ಟಿಯಲ್ಲಿ, ಹಿಂದೆ ಕೊಟ್ಟಿದ್ದ ಅಣಬೆಯ ತುಂಡು ಬೋಗುಣಿಯಷ್ಟು ಅಗಲವಾಗಿ ಬೆಳೆದಿತ್ತು. “ನೀವೇ ಕತ್ತರಿಸಿ ಭಾವ,” ಎಂದ ಅವನು. “ನಿಮ್ಮ ಕತ್ತರಿ ನೋಡಿ ನಾನಂತೂ ಅತ್ತಿದ್ದೆ. ಇದು ಏನು ಮಾಡುತ್ತೋ ನೋಡೋಣ.”

ಹವಳ ಅಳಲಿಲ್ಲ, ಮುನಿಸಿಕೊಂಡಿತು. ಕತ್ತರಿಸಿದ ತುಂಡು ಸಲೂನಿಗೆ ಬಂದದ್ದೇ ತಡ ಮುದುಡಿ, ಮೇಣ ಬಳಿದ ಬೋಳುತಲೆಯಂತೆ ಕುಳಿತುಬಿಟ್ಟಿತು. ದಿನಗಳು ಕಳೆದವು. ಅವನು ಗೋಡೆಯ ಅಳತೆ ತೆಗೆದು, ಹೊಸ ಕುರ್ಚಿ ಎಲ್ಲಿ ಹಿಡಿಸುತ್ತದೆಂದು ಲೆಕ್ಕ ಹಾಕತೊಡಗಿದ.

ಒಂದು ಬೆಳಗ್ಗೆ ಬಾಚಣಿಗೆ ಹುಡುಕುತ್ತ ಮುಂದಿನ ಕೋಣೆಗೆ ಬಂದವಳು ತೊಟ್ಟಿಯ ಮುಂದೆ ನಿಂತುಬಿಟ್ಟಳು.

“ರೀ, ಸ್ವಲ್ಪ ಇಲ್ಲಿ ಬನ್ನಿ.”

ಅವನ ಕೈಯಲ್ಲಿ ಕತ್ತಿ, ಕುರ್ಚಿಯಲ್ಲಿ ಒಂದು ಕೆನ್ನೆಯಷ್ಟೇ ಮುಗಿದ ಅಂಚೆಯವ. ಕೆಟ್ಟ ಸುದ್ದಿಯೇ ಇರಬೇಕೆಂದು ಕಾಲೆಳೆಯುತ್ತ ಬಂದವನು ಗಾಜಿಗೆ ಮೂಗು ತಾಗಿಸಿದ. ಹಳೆಯ ಮೇಣದ ಪೊರೆ ಕಳಚಿ ನೀರಿನಲ್ಲಿ ತೇಲುತ್ತಿತ್ತು. ಅದರ ಕೆಳಗೆ ಹೊಸ ತಲೆ, ತಲೆಯ ತುಂಬ ಎಳೆಗಳು, ಗಾಳಿಗೆ ಪೈರು ಆಡುವಂತೆ ಆಡುತ್ತಿದ್ದವು.

“ಅರಳಿದೆ ಕಣೇ,” ಎಂದ.

ನೊರೆಮೆತ್ತಿದ ಮುಖದಲ್ಲೇ ಎದ್ದುಬಂದು ಇಣುಕಿದ ಅಂಚೆಯವ ಕೇಳಿದ: “ಸಮುದ್ರರಾಜರೇ, ನನ್ನ ಇನ್ನೊಂದು ಕೆನ್ನೆ ಇವತ್ತಾಗುತ್ತೋ, ನಾಳೆ ಬರಲೋ?”

ಈಗ ಕಿತ್ತಳೆ ಮೀನು ಸಲೂನಿಗೆ ಮರಳಿದೆ, ಜೊತೆಗೊಂದು ಸಂಗಾತಿಯೂ ಬಂದಿದೆ. ಅವಳ ಹೇರ್ ಸ್ಪ್ರೇ ಹಿತ್ತಿಲಿಗೆ ಗಡೀಪಾರಾಗಿದೆ. ಅಳುವ ಮಕ್ಕಳಿಗಾಗಿ ಕುರ್ಚಿ ಇಂದಿಗೂ ತೊಟ್ಟಿಯ ಕಡೆಗೆ ತಿರುಗುತ್ತದೆ. ಅಣಬೆ ಮತ್ತೆ ಕತ್ತರಿಸುವಷ್ಟು ಬೆಳೆದಿದೆ. ಕ್ಷೌರಕ್ಕೆ ಬಂದವರನ್ನೆಲ್ಲ ಹಿಡಿದು, ಒಂದು ತುಂಡು ಒಯ್ದು ಸಾಕಿ ಎಂದು ಅವನು ದುಂಬಾಲು ಬೀಳುತ್ತಿದ್ದಾನೆ. ಮನೆಯಲ್ಲಿ ಉಪ್ಪುನೀರಿನ ತೊಟ್ಟಿಯಿಲ್ಲವೆಂದವರನ್ನೂ ಬಿಡುವುದಿಲ್ಲ. ಹಾಗಾದರೆ ಒಂದು ತೊಟ್ಟಿ ಇಡಿ, ನಾನೇ ಬಂದು ನೀರು ಕಲೆಸಿಕೊಡುತ್ತೇನೆ ಎನ್ನುತ್ತಾನೆ.