ಕೆಂಪು ಕಣ್ಣಿನ ನಾಲ್ಕು ನೊಣ

ರಾಜೇಸಾಬ ಕಾಕಾ, ಬಾಟಲಿಯೊಳಗೆ ಆ ನೊಣಗಳನ್ನು ಬಿಟ್ಟವಳು ನಾನು. ನೀವಲ್ಲ, ನಿಮ್ಮ ಅರಳೆಯ ಬಿರಡೆಯೂ ಅಲ್ಲ — ನಾನು, ಮತ್ತು ಹೊನವಾಡದ ನಮ್ಮ ತೋಟದ ಒಂದು ಡಬ್ಬಿ ದ್ರಾಕ್ಷಿ.

ಇದಾಗಿ ಎರಡು ವರ್ಷ ಒಂದು ತಿಂಗಳು. ದಿನಗಳ ಲೆಕ್ಕವೂ ನನ್ನ ಬಳಿ ಇದೆ, ಬರೆಯಲು ನಾಚಿಕೆ. ಈ ಕಾಗದವನ್ನು ನಮ್ಮ ನೊಣದ ಕೋಣೆ ನಡೆಸುವ ಮೇಡಂ ಕೂಡ ಓದಬೇಕು, ಮೇಡಂ ಮೇಲಿನವರೂ ಓದಬಹುದು. ಆದ್ದರಿಂದ ನಿಮಗೆ ಗೊತ್ತಿರುವುದನ್ನೂ ಮೊದಲಿನಿಂದ ಹೇಳುತ್ತೇನೆ.

ವಿಜಯಪುರದ ನಮ್ಮ ಕಾಲೇಜಿನ ಆ ಪುಟ್ಟ ಕೋಣೆಯಲ್ಲಿ ನನ್ನ ಕೆಲಸ ನೊಣದ ಮೀಸೆ ಕೀಳುವುದು. ಹಣ್ಣಿಗೆ ಮುತ್ತುವ ಸಣ್ಣ ನೊಣ. ಅದರ ಮೀಸೆಯಿಂದ ಮಿದುಳಿಗೆ ವಾಸನೆಯ ನರಗಳು ಹೋಗುತ್ತವೆ. ಮೀಸೆ ಕಿತ್ತರೆ ಒಳಗಿರುವ ತುಂಡು ಸತ್ತು ಚೂರುಚೂರಾಗುತ್ತದೆ. ಆಗ ಸುತ್ತಲಿನ ಗ್ಲಿಯಾ ಕೋಶಗಳು ಉಬ್ಬಿ, ಕೈ ಚಾಚಿ, ಆ ಚೂರುಗಳನ್ನು ನುಂಗಿ ಜಾಗ ಸ್ವಚ್ಛ ಮಾಡುತ್ತವೆ. ನಮ್ಮ ನೊಣಗಳ ಆ ನರ ಸೂಕ್ಷ್ಮದರ್ಶಕದಲ್ಲಿ ಹಸಿರಾಗಿ ಹೊಳೆಯುವಂತೆ ಮಾಡಿದ್ದಾರೆ. ಹೊಳಪು ಎಷ್ಟು ದಿನಕ್ಕೆ ಮಾಯವಾಯಿತೆಂದು ಎಣಿಸುವುದೇ ನನ್ನ ಓದು.

ಮೇಡಂ ಇದನ್ನು ಮೊದಲ ಸಲ ವಿವರಿಸಿದಾಗ ನೀವು ನೊಣಗಳ ಆಹಾರದ ಗಂಜಿ ತಿರುವುತ್ತಾ ಕೇಳಿಸಿಕೊಂಡಿರಿ.

"ಅಂದ್ರ ತಲಿಯಾಗೂ ನಮ್ಮಂಥಾ ಅಟೆಂಡರ್ ಅದಾರ ಅನ್ರಿ. ಒಡಿಯವರು ಒಬ್ಬರು, ಕಸಾ ಹೊಡಿಯವರು ಇನ್ನೊಬ್ಬರು."

ಆಮೇಲೆ ಅವರಿಗಾದರೂ ಕೆಲಸ ಪರ್ಮನೆಂಟ್ ಆಗಿದೆಯೇ ಎಂದೂ ಕೇಳಿದಿರಿ. ಮೇಡಂ ನಕ್ಕರು. ಅಂದಿನಿಂದ ಗ್ಲಿಯಾ ಕೋಶಗಳು ನಿಮ್ಮ ಬಾಯಲ್ಲಿ 'ನಮ್ಮ ಮಂದಿ' ಆದವು.

ಇನ್ನು ಆ ದಿನ. ಫೆಬ್ರುವರಿ ಹನ್ನೊಂದು, ಮಂಗಳವಾರ. ಕೋಣೆಯಲ್ಲಿ ತಿನ್ನಬಾರದೆಂದು ಬಾಗಿಲಿಗೆ ಚೀಟಿ ಅಂಟಿಸಿದವಳೂ ನಾನೇ. ಹಿಂದಿನ ದಿನ ಊರಿನಿಂದ ತಂದ ದ್ರಾಕ್ಷಿ ಸ್ವಲ್ಪ ಮೆತ್ತಗಾಗಿತ್ತು, ಎಸೆಯಲು ಮನಸ್ಸಾಗಲಿಲ್ಲ. ಹೊಸ ಗಂಜಿಯ ಬಾಟಲಿಗಳ ಬಾಯಿ ತೆರೆದಿಟ್ಟು, ಪಕ್ಕದಲ್ಲೇ ಡಬ್ಬಿ ತೆರೆದೆ. ಡಬ್ಬಿಯ ಜೊತೆಗೇ ಬಂದ ನೊಣಗಳಿಗೆ ಗಂಜಿ ಹೆಚ್ಚು ರುಚಿಸಿತೋ ಏನೋ — ಮೂರನೇ ಬಾಟಲಿಯೊಳಗೆ ಇಳಿದವು. ನಮ್ಮ ಸಾಕು ನೊಣದ ಕಣ್ಣು ಕಿತ್ತಳೆ ಬಣ್ಣ, ಊರ ನೊಣದ್ದು ಇಟ್ಟಿಗೆ ಕೆಂಪು. ಗುರುತು ಸಿಗದೆ ಮೋಸ ಹೋದೆ ಎಂದು ಹೇಳುವಂತಿಲ್ಲ. ನನ್ನ ದಿನಚರಿ ಹೀಗಿದೆ: "ದ್ರಾಕ್ಷಿ ೩೮. ತಿಂದದ್ದು ೨೯. ಬಾಟಲಿ ಮೂರರಲ್ಲಿ ಕೆಂಪು ಕಣ್ಣು ೪."

ನಾಲ್ಕೇ ತಾನೆ ಎಂದುಕೊಂಡೆ. ನಿಮ್ಮ ಬಿರಡೆಯನ್ನು ಅವುಗಳ ಮೇಲೆ ಭದ್ರವಾಗಿ ಒತ್ತಿದೆ.

ಸಾಕು ನೊಣಗಳದೆಂದು ಇಟ್ಟ ಆ ಬಾಟಲಿಯನ್ನು ಆ ನಾಲ್ಕರ ಸಂಸಾರವೇ ಎರಡು ವಾರದಲ್ಲಿ ತುಂಬಿತು. ಮೀಸೆ ಕೀಳುವಾಗ ಕೆಂಪು ಕಣ್ಣುಗಳು ನನ್ನನ್ನೇ ನೋಡುತ್ತಿದ್ದವು — ದೀಪದ ಬೆಳಕು ಹಾಗಿರಬೇಕು ಎಂದುಕೊಂಡೆ. ಮರುದಿನ ಮೇಡಂ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಹಸಿರು ಎಂಬುದೇ ಇಲ್ಲ. ಐದು ದಿನ ಹಿಡಿಯುವ ಕೆಲಸ ಒಂದೇ ದಿನದಲ್ಲಿ ಮುಗಿದಿದೆ! ಮೇಡಂ ಎಲ್ಲರಿಗೂ ಚಹಾ ತರಿಸಿದರು. ನಿಮ್ಮ ಮಂದಿ ಭಾಳ ಚುರುಕು ಎಂದು ನಿಮ್ಮ ಬೆನ್ನನ್ನೂ ತಟ್ಟಿದರು. ನಾನೂ ಆ ಚಹಾ ಕುಡಿದೆ, ಕಾಕಾ. ಎರಡು ಕಪ್.

ಸಂಜೆಗೆ ಮೀಸೆ ಕೀಳದ ನೊಣಗಳನ್ನು ನೋಡಿದರು. ಅವುಗಳಲ್ಲೂ ಹಸಿರಿಲ್ಲ. ಹೊಳೆಯುವ ನರ ಮೊದಲಿಗೇ ಇಲ್ಲದ ಊರ ನೊಣದಲ್ಲಿ ಗ್ಲಿಯಾ ಸ್ವಚ್ಛ ಮಾಡಿದ್ದಾದರೂ ಏನನ್ನು? ಮೇಡಂ ಕಣ್ಣಿನ ಬಣ್ಣ ನೋಡಿದರು, ಆಮೇಲೆ ಬಿರಡೆ ನೋಡಿದರು, ಆಮೇಲೆ ನಿಮ್ಮನ್ನು.

"ನನ್ನ ಬಿರಡಿಯಾಗ ಗಾಳಿ ಹೊಗತೈತ್ರಿ ಮೇಡಂ, ನೊಣ ಹೊಗಂಗಿಲ್ಲ," ಎಂದಿರಿ. ಹತ್ತೊಂಬತ್ತು ವರ್ಷ ಬಬಲೇಶ್ವರದಿಂದ ಬಸ್ಸಿನಲ್ಲಿ ಬಂದು, ದಿನವೂ ಅರಳೆ ಸುತ್ತಿದ ಕೈ ಅದು. ಆಮೇಲೆ ನನ್ನತ್ತ ತಿರುಗಿದಿರಿ. "ಯವ್ವಾ, ನೀ ಎಲ್ಲಾ ಬರದ ಇಡತೀಯಲ್ಲ. ಬುಕ್ಕಿನಾಗ ನೋಡಿ ಹೇಳ. ಒಂದ ದಿನಾನಾದ್ರೂ ಬಿರಡಿ ಸಡಿಲ ಬಿಟ್ಟೇನೇನು?"

ಪುಸ್ತಕ ತೆರೆದೆ. ಅದೇ ಪುಟ ಬಂತು — ದ್ರಾಕ್ಷಿ ರಸ ಬಿದ್ದು ಉಬ್ಬಿದ್ದರಿಂದ ಪುಸ್ತಕ ಅಲ್ಲೇ ತೆರೆಯುತ್ತದೆ. ನಾಲ್ಕು ಎಂಬ ಅಂಕಿ ಕಂಡಿತು. ಪುಸ್ತಕ ಮುಚ್ಚಿದೆ.

"ಅದರ ಬಗ್ಗೆ ಏನೂ ಬರದಿಲ್ರಿ ಕಾಕಾ."

ನೀವು ಸಿಟ್ಟಾಗಲಿಲ್ಲ. "ಹಂಗಾರ ನಂದ ತಪ್ಪಿರಬೇಕ್ರಿ ಮೇಡಂ. ಆಕಿ ಬುಕ್ಕಿನಾಗ ಇಲ್ಲಂದ್ರ, ಆ ನೊಣ ನನ್ನ ಬಿರಡಿಯಿಂದನ ಬಂದಾವ," ಎಂದು ಕೋಣೆಯ ಕೀಲಿಯನ್ನು ಮೇಜಿನ ಮೇಲೆ ಇಟ್ಟಿರಿ.

ಅಂದಿನಿಂದ ನೀವು ಗಾಜಿನ ಸಾಮಾನಿನ ಕೋಣೆಯಲ್ಲಿ. ಕೈಯ ರೂಢಿ ಬಿಡಲಿಲ್ಲ. ಫಿನಾಯಿಲ್ ಶೀಷೆಗೂ ಅರಳೆ, ನಿಮ್ಮ ಶೇಂಗಾ ಚಟ್ನಿಯ ಶೀಷೆಗೂ ಅರಳೆ. ಇಲ್ಲಿ ನೊಣದ ಕೋಣೆಯಲ್ಲಿ ಬಿರಡೆ ನಾನೇ ಸುತ್ತುತ್ತೇನೆ. ಈ ಎರಡು ವರ್ಷದಲ್ಲಿ ನನ್ನ ಬಿರಡೆ ದಾಟಿ ಹಾರಿಹೋದ ನೊಣ ೨೧೨. ನಿಮ್ಮ ಕಾಲದ ಅಂಕಣದಲ್ಲಿ ಸೊನ್ನೆ. ಎರಡೂ ಒಂದೇ ಪುಸ್ತಕದಲ್ಲಿವೆ.

ಪ್ರಾಯಶ್ಚಿತ್ತವೆಂದು ಮಾಡಿದ್ದು ಹೇಳಿದರೆ ನಗುತ್ತೀರಿ. ಎರಡು ಹಂಗಾಮಿನಲ್ಲಿ ನಿಮಗೆ ಹನ್ನೊಂದು ಕಿಲೋ ದ್ರಾಕ್ಷಿ ತಂದುಕೊಟ್ಟೆ. ನಮ್ಮ ಹೊನವಾಡದ ಹಣ್ಣಿನಂಥ ಹಣ್ಣು ಇಲ್ಲ ಎಂದು ನೀವು ಹೊಗಳುತ್ತಾ ತಿಂದಿರಿ. ಸಾಕ್ಷಿಯನ್ನೇ ನಿಮಗೆ ತಿನ್ನಿಸುತ್ತಿದ್ದೇನೆಂದು ನನಗೆ ಹೊಳೆದದ್ದು ಒಂಬತ್ತನೇ ಕಿಲೋಗೆ.

ಚೂರು ನುಂಗಲಾರದ ಗ್ಲಿಯಾ ಇರುವ ನೊಣಗಳೂ ನಮ್ಮಲ್ಲಿವೆ. ಅವುಗಳ ತಲೆಯಲ್ಲಿ ಸತ್ತ ನರ ವಾರಗಟ್ಟಲೆ ಹಸಿರಾಗಿಯೇ ಇರುತ್ತದೆ. ಪ್ರತಿ ಸಲ ಅದನ್ನು ಎಣಿಸುವಾಗ ನಾನು ಬೇಗ ಎಣಿಸಿ ಏಳುತ್ತೇನೆ.

ನಾಳೆ ಸೋಮವಾರ. ಮೇಡಂ ಹತ್ತೂವರೆಗೆ ಬರುತ್ತಾರೆ, ನಿಮ್ಮ ಬಸ್ಸು ಒಂಬತ್ತೂವರೆಗೆ. ಮೊದಲು ನಿಮ್ಮ ಕೈಗೇ ಕೊಡುತ್ತೇನೆ, ಈ ಕಾಗದವನ್ನೂ ಇಡೀ ಪುಸ್ತಕವನ್ನೂ. ಆಮೇಲೆ ನೀವು ಜೊತೆಗೆ ಬಂದರೂ, ಬಾರದಿದ್ದರೂ, ಮೇಡಂ ಬಳಿ ಹೋಗುತ್ತೇನೆ. ಅಂದು ನೀವು ಮೇಜಿನ ಮೇಲಿಟ್ಟ ಕೀಲಿ ನನ್ನ ಹತ್ತಿರವೇ ಇದೆ, ಅದನ್ನೂ ಒಯ್ಯುತ್ತೇನೆ. ಫೆಬ್ರುವರಿ ಹನ್ನೊಂದರ ಪುಟದಲ್ಲಿ ಒಂದು ಎಳೆ ಅರಳೆ ಇಟ್ಟಿದ್ದೇನೆ. ನಿಮಗೆ ಹುಡುಕುವ ಕಷ್ಟ ಬೇಡ.