ಐತಿ ಅಂದ್ರ ತೋರ್ಸ್ರಿ

ಹೊಸಪೇಟೆಯ ಕಾಲೇಜಿನಲ್ಲಿ ನಮಗೆ ತರ್ಕಶಾಸ್ತ್ರ ಕಲಿಸುತ್ತಿದ್ದ ಸರ್, ಪಾಠಕ್ಕೆ ಮೊದಲು ಬೋರ್ಡಿನ ಮೇಲೆ ಕೂತ ಅದಿರಿನ ಕೆಂಪು ಧೂಳು ಒರೆಸುತ್ತಿದ್ದರು. ಕಿಟಕಿಯಾಚೆ ಸಂಡೂರಿನ ಲಾರಿಗಳ ಸಾಲು ಮುಗಿಯುತ್ತಲೇ ಇರಲಿಲ್ಲ. ಅವರ ಸಂಶೋಧನೆ ಟೈಪ್ ಥಿಯರಿ ಎಂಬ ಗಣಿತತರ್ಕದ ಶಾಖೆಯಲ್ಲಿ. ಆ ಶಾಸ್ತ್ರದಲ್ಲಿ ಏನಾದರೂ ಇದೆ ಎನ್ನಲು, ಇಲ್ಲದೆ ಹೇಗಿದ್ದೀತು ಎಂಬ ವಾದ ಸಾಲದು. ಅದನ್ನು ಕಟ್ಟಿಯೇ ತೋರಿಸಬೇಕು. ನಾವು ಬರೀ ವಾದ ಹೂಡಿದಾಗಲೆಲ್ಲ ಅಂಗೈ ಚಾಚುತ್ತಿದ್ದರು: “ಐತಿ ಅಂದ್ರ ತೋರ್ಸ್ರಿ.”

ವರ್ಷಗಟ್ಟಲೆ ತಿಣುಕಿ ಅವರು ಒಂದು ಪ್ರಮೇಯ ಸಾಧಿಸಿದಾಗ ಕಾಲೇಜು ಸನ್ಮಾನ ಇಟ್ಟುಕೊಂಡಿತು. ಅವರಿಗೆ ಸಿಗಬೇಕಿದ್ದ ಪ್ರೊಫೆಸರ್ ಹುದ್ದೆಯೂ ಆ ಪ್ರಮೇಯದ ಮೇಲೇ ನಿಂತಿತ್ತು. ಶಾಲು ಹೊದಿಸಿದ ಪ್ರಿನ್ಸಿಪಾಲರು, “ಯಾರರ ಏನರ ಕೇಳ್ತೀರೇನು?” ಎಂದರು. ನಾನು ಎದ್ದು ಅಂಗೈ ಚಾಚಿದೆ. “ಸರ್, ತೋರ್ಸ್ರಿ.”

ಸಭೆ ನಕ್ಕಿತು. ಸರ್ ನಗಲಿಲ್ಲ. ಬೋರ್ಡ್ ತರಿಸಿ ಬರೆಯುತ್ತ ಹೋದವರು ಕಡೆಯ ಸಾಲಿನಲ್ಲಿ ನಿಂತುಬಿಟ್ಟರು.

“ಇಲ್ಲಿ ತೋರ್ಸಾಕ ಬರವಲ್ದು. ಹಂಗಾರ ನಾ ಇನ್ನೂ ಸಾಧಿಸಿಲ್ರೀ. ಶಾಲು ವಾಪಸ್ ತಗೋರಿ.”

“ಹಂಗ ವಾಪಸ್ ತಗೊಳ್ಳೋ ಪದ್ಧತಿ ಇಲ್ರೀ,” ಎಂದು ಪ್ರಿನ್ಸಿಪಾಲರು ತಡವರಿಸಿದರು. ಹುದ್ದೆ ಮಾತ್ರ ಮುಂದೆ ಬೇರೆಯವರಿಗೆ ಹೋಯಿತು.

ಮರುದಿನ ಹೆದರುತ್ತಲೇ ತರಗತಿಗೆ ಹೋದೆ. ಸರ್ ಆ ಶಾಲನ್ನು ಕಿಟಕಿಗೆ ಮೊಳೆ ಹೊಡೆದು ಬಿಗಿದಿದ್ದರು.

“ಬಾರವ್ವಾ,” ಎಂದು ನನ್ನ ಕೈಗೆ ಚಾಕ್‌ಪೀಸ್ ಕೊಟ್ಟರು. “ಇವತ್ತು ಬೋರ್ಡ್ ಸ್ವಚ್ಛ ಐತಿ. ಆ ಕಡೀ ಸಾಲಿಂದ ಶುರು ಮಾಡೂಣು.”