ಅಡುಗೆಮನೆಯ ಕೆಳಗಿನ ಬಾವಿ

ಇದನ್ನು ಹೇಳಲು ಇಷ್ಟು ವರ್ಷ ಹಿಂದೇಟು ಹಾಕಿದೆ. ರಾಮನಗರದಲ್ಲಿ ಬಿಲ್ಡರೊಬ್ಬರಿಗೆ ನಾನು ಮೇಸ್ತ್ರಿಯಾಗಿ ಕಟ್ಟಿಸಿದ ಹೊಸ ಮನೆಗೆ ಬೆಲೆ ಕಟ್ಟಲು ಬ್ಯಾಂಕಿನ ಕಡೆಯಿಂದ ಇಂಜಿನಿಯರೊಬ್ಬರು ಬಂದರು. ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಕೋಣೆ ಕೋಣೆ ನಡೆದರು. ನಾನು ಬಾಯಿ ತೆರೆದಾಗಲೆಲ್ಲ, "ಒಸಿ ತಡಿ ಮೇಸ್ತ್ರಿ, ನೆಲ ಏನಂತದೆ ಕೇಳಾನ" ಎನ್ನುವರು.

ಅಡುಗೆಮನೆಯಲ್ಲಿ ಹಿಮ್ಮಡಿಯಿಂದ ಎರಡು ಸಲ ಕುಟ್ಟಿದರು. "ಇಲ್ಲಿ ಬಾವಿ ಇತ್ತಲ್ವಾ?"

ಹಳೇ ಬಾವಿಗೆ ಕಸ ತುಂಬಿ ಟೈಲ್ಸ್ ಹಾಕಿಸಿದ್ದವನು ನಾನೇ.

"ತೆಗ್ದು ಜಲ್ಲಿ ತುಂಬ್ಸು. ಅಲ್ಲಿಗಂಟ ರಿಪೋರ್ಟ್ ಬರೆಯಲ್ಲ. ನಿನ್ ಕೆಲ್ಸ ಹೋಗೋದು ಬ್ಯಾಡ, ಯಾರ್ಗೂ ಹೇಳಲ್ಲ."

ಶುಕ್ರವಾರದೊಳಗೆ ಸಾಲ ಮಂಜೂರಾಗದಿದ್ದರೆ ಕರಾರು ಮುರಿದು, ಕೊಳ್ಳಲಿದ್ದ ರೇಷ್ಮೆ ನೂಲಿನ ವ್ಯಾಪಾರಿ ಸಾಹೇಬರಿಗೆ ಮನೆ ಕೈತಪ್ಪುತ್ತಿತ್ತು. ತಡ ಯಾಕೆಂದು ಅವರು ಕೇಳಿದಾಗ ಹೆದರಿ, "ಇಂಜಿನಿಯರು ಲಂಚ ಕೇಳ್ತಾವ್ರೆ" ಎಂದುಬಿಟ್ಟೆ.

ಸಾಹೇಬರು ಇಂಜಿನಿಯರ ಮುಖಕ್ಕೇ, "ಕೈ ಬೆಚ್ಚಗೆ ಮಾಡ್ಬೇಕಿತ್ತೇನ್ ಸಾರ್?" ಎಂದರು. ಇಂಜಿನಿಯರು ನನ್ನನ್ನೊಮ್ಮೆ ನೋಡಿದರು. ಬಾವಿಯ ಮಾತೆತ್ತಲಿಲ್ಲ. ನೇರ ಬಿಲ್ಡರ್ ಬಳಿ ಹೋಗಿ, "ತಪ್ಪು ನಂದು, ನನ್ನಿಂದ್ಲೇ ತಡ" ಎಂದು ಕರಾರಿನ ಗಡುವನ್ನು ಹತ್ತು ದಿನ ಮುಂದೆ ಹಾಕಿಸಿದರು. ಅಷ್ಟರಲ್ಲಿ ನಾನು ಬಾವಿ ಗಟ್ಟಿ ಮಾಡಿದೆ. ಅಂಥ ಮನುಷ್ಯನನ್ನು ಮತ್ತೆ ಕಾಣಲಿಲ್ಲ.

ಸಾಹೇಬರ ಸಂಸಾರ ಆ ಮನೆಯಲ್ಲಿ ನೆಮ್ಮದಿಯಾಗಿದೆ. ಇಂದಿಗೂ ಲಂಚಕೋರನೆಂದು ಅವರು ಬೈಯುವುದು, ನಾನು ಕ್ಷಮೆ ಕೇಳದೇ ಉಳಿದದ್ದು, ಆ ಇಂಜಿನಿಯರನ್ನೇ.